ತಾರೀಖಿಲ್ಲದ ಮೊರೆ

ಮೊನ್ನೆ ಮೈಸೂರಿನ ರೈಲಿನಲ್ಲಿ ಎದುರಿಗೆ ಕೂತಿದ್ದ ಹೆಂಗಸೊಬ್ಬರು ಮೊಬೈಲು ನೋಡುತ್ತಾ, "ಅಯ್ಯೋ, ಕೊಡಗಿನ ಮಕ್ಕಂದೂರಲ್ಲಿ ಮತ್ತೆ ಗುಡ್ಡ ಕುಸಿದಿದೆಯಂತೆ, ಕಂಬಳಿ ಬೇಕಂತೆ" ಎಂದರು. ಪಕ್ಕದಲ್ಲಿದ್ದ ಮಗ ಇಣುಕಿ ನೋಡಿ, "ಅಮ್ಮಾ, ಇದು 2018ರದ್ದು" ಎಂದ. ಆಕೆ ಒಪ್ಪಲಿಲ್ಲ. "ಈಗ ತಾನೇ ಬಂದಿದೆ ಕಣೋ, ಟೈಮ್ ನೋಡು!" ಟೈಮೇನೋ ಆವತ್ತಿನ ಬೆಳಗಿನದೇ ಇತ್ತು.

ವದಂತಿಯ ಮಾತು ಬಂತೆಂದರೆ ನಾನು 1934ಕ್ಕೆ ಓಡುತ್ತೇನೆಂದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ದಯವಿಟ್ಟು ಪುಟ ತಿರುಗಿಸಬೇಡಿ. ಆ ವರ್ಷದ ಜನವರಿ 15ರ ಬಿಹಾರ ಭೂಕಂಪದ ನಂತರ ಹಬ್ಬಿದ ಗುಲ್ಲುಗಳನ್ನು ಮನಶ್ಶಾಸ್ತ್ರಜ್ಞ ಜಮುನಾ ಪ್ರಸಾದ್ ಕಲೆಹಾಕಿ 1935ರಲ್ಲಿ ಪ್ರಕಟಿಸಿದರು. ಗಂಗೆಯ ನೀರೇ ಮಾಯವಾಯಿತಂತೆ, ಗ್ರಹಣದ ದಿನ ಮತ್ತೆ ಭೂಮಿ ನಡುಗುತ್ತದಂತೆ, ಪಟ್ನಾ ಊರೇ ಉಳಿಯುವುದಿಲ್ಲವಂತೆ. ಸೋಜಿಗವೆಂದರೆ, ಇವು ಹಬ್ಬಿದ್ದು ನೆಲ ಜೋರಾಗಿ ನಡುಗಿಯೂ ಹಾನಿಯಾಗದ ಕಡೆ. 1950ರಲ್ಲಿ ಡಾರ್ಜಿಲಿಂಗ್‌ನಲ್ಲಿ ಗುಡ್ಡ ಜರಿದಾಗ ಇನ್ನೊಬ್ಬ ಮನಶ್ಶಾಸ್ತ್ರಜ್ಞ ದುರ್ಗಾನಂದ ಸಿನ್ಹಾ ಅಲ್ಲಿನ ಮಾತುಗಳನ್ನೂ ಅಧ್ಯಯನ ಮಾಡಿದರು. ಕಣ್ಣೆದುರೇ ಅನಾಹುತ ಕಂಡ ಆ ಜನರಲ್ಲಿ ಇದಕ್ಕಿಂತ ಘೋರವಾದದ್ದು ಬರಲಿದೆ ಎಂಬ ಗುಲ್ಲು ಇರಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡ ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1957ರ ತನ್ನ ಪುಸ್ತಕದಲ್ಲಿ ಕೊಟ್ಟ ವಿವರಣೆ ಇದು: ಜನ ವದಂತಿ ಕೇಳಿ ಹೆದರಿದ್ದಲ್ಲ, ಮೊದಲೇ ಹೆದರಿದ್ದರು, ಆ ಹೆದರಿಕೆಗೊಂದು ತಕ್ಕ ಕಾರಣ ಬೇಕಿತ್ತು. 2018ರ ಆಗಸ್ಟಿನ ನೆರೆಯಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಸೋರುತ್ತಿದೆಯೆಂದು ಕೇರಳದ ತುಂಬ ಓಡಾಡಿದ ವಾಟ್ಸಾಪ್ ಧ್ವನಿ ಸಂದೇಶ ಈ ಜಾತಿಗೇ ಸೇರಿದ್ದು.

ಇಷ್ಟೆಲ್ಲ ಹೇಳಿದ ಮೇಲೂ ರೈಲಿನ ಆ ಸಂದೇಶ ಈ ವಿವರಣೆಗೆ ಒಗ್ಗುವುದಿಲ್ಲ. ಅದರಲ್ಲಿ ಸುಳ್ಳೇ ಇಲ್ಲವಲ್ಲ. ಮಕ್ಕಂದೂರಲ್ಲಿ ಗುಡ್ಡ ಕುಸಿದದ್ದು ನಿಜ, ಕಂಬಳಿ ಬೇಕಾಗಿದ್ದದ್ದೂ ನಿಜ. ಹಳಸಿದ ನಿಜ. ಸುಳ್ಳನ್ನಾದರೆ ಪೊಲೀಸರು ಹಿಡಿದಾರು, ಇದನ್ನು ಹಿಡಿಯುವವರು ಯಾರು? ಕೇರಳದ ಅದೇ ನೆರೆಯಲ್ಲಿ ಮೊರೆಗಳನ್ನು ಒಟ್ಟುಮಾಡಲು ಸ್ವಯಂಸೇವಕರು ಜಾಲತಾಣ ಕಟ್ಟಿ ದೊಡ್ಡ ಉಪಕಾರವನ್ನೇ ಮಾಡಿದರು. ಆದರೆ ಒಂದೇ ಮನೆಯ ಮೊರೆ ತಾರೀಖಿಲ್ಲದೆ ಹಲವು ನೆಂಟರ ಕೈ ದಾಟಿ ಹಲವು ಸಲ ಬಂದರೆ ಫೋನ್ ಮಾಡಿ ವಿಚಾರಿಸಲೇಬೇಕು. ಮಹಡಿಯ ಮೇಲೆ ಸಿಕ್ಕಿಕೊಂಡವರಿಗೆ ಕರೆಂಟಿಲ್ಲ, "ಇನ್ನೂ ಅಲ್ಲೇ ಇದ್ದೀರಾ?" ಎಂಬ ಪ್ರತಿ ಕರೆಯೂ ಉಳಿದಷ್ಟು ಚಾರ್ಜನ್ನು ತಿನ್ನುತ್ತದೆ.

2018ರ ಜುಲೈನಲ್ಲಿ ವಾಟ್ಸಾಪ್ ನಮ್ಮ ದೇಶದಲ್ಲಿ ಫಾರ್ವರ್ಡಿಗೆ ಒಂದು ಸಲಕ್ಕೆ ಐದು ಚಾಟ್‌ಗಳ ಮಿತಿ ಹಾಕಿತು. ಆದರೂ ಅದು ತೋರಿಸುವುದು ಸಂದೇಶ ಬಂದ ಹೊತ್ತನ್ನು, ಹುಟ್ಟಿದ ಹೊತ್ತನ್ನಲ್ಲ. ಇದರ ಮೇಲೆ "ಬಂದ ಹಾಗೆ ಕಳಿಸಿದ್ದೇನೆ" ಎಂಬ ಅಡಿಬರಹ ಬೇರೆ! ಜವಾಬ್ದಾರಿ ಜಾಡಿಸಿಕೊಳ್ಳಲು ಇದಕ್ಕಿಂತ ಸಲೀಸಾದ ದಾರಿ ಇನ್ನೊಂದಿಲ್ಲ. ಹಾಗೆ ನೋಡಿದರೆ, ಒಂದು ತುಂಡು ಗದ್ದೆಯ ದಾನಕ್ಕೂ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರವನ್ನು ಕಲ್ಲಿನಲ್ಲಿ ಕೆತ್ತಿಸಿದ ನಾಡಿನವರು ನಾವು.

ಆದ್ದರಿಂದ ಮೊರೆ ಬರೆಯುವವರು ತಾರೀಖು, ಗಂಟೆ, ಊರು, ತಾಲ್ಲೂಕು ಎಲ್ಲವನ್ನೂ ಬರಹದೊಳಗೇ ಸೇರಿಸಿ. ಪೋಸ್ಟರಾದರೆ ಚಿತ್ರದ ಮೇಲೇ ಹಾಕಿ. ನೆರವು ತಲುಪಿದ ಮೇಲೆ ಅದೇ ಗುಂಪುಗಳಿಗೆ "ತಲುಪಿತು, ಇನ್ನು ಕಳಿಸಬೇಡಿ" ಎಂದು ತಿಳಿಸಿ. ತಾರೀಖಿಲ್ಲದ ಮೊರೆ ನಿಮ್ಮ ಕೈಗೆ ಬಂದರೆ ಮುಂದಕ್ಕೆ ತಳ್ಳುವ ಮೊದಲು, ಕಳಿಸಿದವರನ್ನು "ಇದು ಯಾವತ್ತಿನದು?" ಎಂದು ಕೇಳಿ.