ಓಟಿ ಮಾಡಿ ಸತ್ತ ಮನಸ್ಸಿಗೆ ಮಾತು ಯಾವ ಭಾಷೆಯಲ್ಲಿ?

ಹೊಸೂರು ಕಡೆಯ ನಮ್ಮ ಹುಡುಗರು ಈಚೆಗೆ ಹೇಳೋದು ಒಂದೇ: "ನಿದ್ದೆ ಬರ್ತಿಲ್ಲ ಅಣ್ಣ, ಯಾವುದೂ ಬೇಡ ಅನ್ಸುತ್ತೆ." ಒಂದು ವಾರ ರಾತ್ರಿ ಪಾಳಿ, ಇನ್ನೊಂದು ವಾರ ಬೆಳಗಿನ ಪಾಳಿ, ಮಧ್ಯೆ ಓಟಿ. ಅತ್ತಿಬೆಲೆ ದಾಟಿ ಬೆಂಗಳೂರಿಗೆ ಹೋಗಿ ಬರೋರಿಗೆ ದಾರಿಯಲ್ಲೇ ಅರ್ಧ ಜೀವ ಹೋಗುತ್ತೆ. ಮನೆಯಲ್ಲಿ ಮಾತ್ರ "ಹಗಲೆಲ್ಲ ಬಿದ್ಕೊಂಡಿರ್ತಾನೆ, ಸೋಮಾರಿ" ಅನ್ನೋ ಬೈಗುಳ.

ಸೋಮಾರಿತನ ಅಲ್ಲ ಅದು. ಬ್ರಿಟನ್ನಿನ ಸರ್ಕಾರಿ ನೌಕರರನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದಿನಕ್ಕೆ 7-8 ಗಂಟೆ ದುಡಿಯುವವರಿಗಿಂತ 11 ಗಂಟೆ ಮೀರಿ ದುಡಿಯುವವರಲ್ಲಿ ತೀವ್ರ ಖಿನ್ನತೆಯ ಅಪಾಯ ಎರಡು ಪಟ್ಟಿಗೂ ಜಾಸ್ತಿ ಕಂಡಿತು. ಅವರು ಕುರ್ಚಿ ಮೇಲೆ ಕೂತು ಕೆಲಸ ಮಾಡೋರು. ನಮ್ಮೋರು ಮಷಿನ್ ಮುಂದೆ ನಿಲ್ಲೋರು, ಅದೂ ಕಾಂಟ್ರಾಕ್ಟ್ ಮೇಲೆ.

ಕಾರ್ಖಾನೆಯಲ್ಲಿ ವಾರಕ್ಕೆ 48 ಗಂಟೆ ಅನ್ನೋದು ಕಾನೂನು. ಮೀರಿ ದುಡಿಸಿದರೆ ಎರಡು ಪಟ್ಟು ಕೂಲಿ. 2023ರ ಏಪ್ರಿಲ್‌ನಲ್ಲಿ ತಮಿಳುನಾಡು ವಿಧಾನಸಭೆ 12 ಗಂಟೆ ದುಡಿಮೆಗೆ ದಾರಿ ಮಾಡುವ ಮಸೂದೆ ಪಾಸು ಮಾಡಿತು. ಕಾರ್ಮಿಕ ಸಂಘಗಳು ತಿರುಗಿಬಿದ್ದ ಮೇಲೆ ಮೇ 1ರಂದು ಮುಖ್ಯಮಂತ್ರಿ ಅದನ್ನು ವಾಪಸ್ ತಗೊಂಡರು. ಕರ್ನಾಟಕ? ಅದೇ ವರ್ಷ ಫೆಬ್ರುವರಿಯಲ್ಲೇ ಅಂಥದ್ದೇ ತಿದ್ದುಪಡಿ ಮಾಡಿತ್ತು. ತಾಯ್ನಾಡು ಅಂತ ಇದನ್ನು ಮುಚ್ಚಿಡೋಕೆ ನಮಗೆ ಮನಸ್ಸಿಲ್ಲ.

ನಮ್ಮ ಕಷ್ಟ ಇಲ್ಲಿಗೇ ಮುಗಿಯಲ್ಲ. ಜ್ವರ ನೋಡೋಕೆ ಥರ್ಮಾಮೀಟರ್ ಇದೆ. ಖಿನ್ನತೆಯನ್ನು ಡಾಕ್ಟರು ಗುರುತಿಸೋದು ನಾವು ಆಡುವ ಮಾತಿನಿಂದ. ಸಂತೆಗೆ, ಲೈನ್ ಲೀಡರಿಗೆ ಸಾಕಾಗುವಷ್ಟು ತಮಿಳು ನಮಗೆ ಬರುತ್ತೆ. "ಯಾಕೋ ಬೇಜಾರು, ಬದುಕೋಕೇ ಮನಸ್ಸಿಲ್ಲ" ಅನ್ನೋದನ್ನು ಆ ತಮಿಳಲ್ಲಿ ಹೇಗೆ ಹೇಳೋದು? ಹೇಳಕ್ಕಾಗದೆ "ತಲೆನೋವು" ಅಂತೀವಿ, ಮಾತ್ರೆ ತಗೊಂಡು ಬರ್ತೀವಿ.

ವಿಚಿತ್ರ ನೋಡಿ, ನಿಮ್ಹಾನ್ಸ್ ಇರೋದು ನಮ್ಮೂರಿನ ಹೆಸರಿರುವ ಹೊಸೂರು ರಸ್ತೆಯಲ್ಲೇ. ದಿನಾ ಅದರ ಕಡೆಗೇ ಹೋಗೋ ಬಸ್ ಹತ್ತುವವರು ಒಂದು ದಿನ ಅಲ್ಲಿ ಇಳೀಬಹುದು. ಎರಡು ವಾರದಿಂದ ನಿದ್ದೆ, ಊಟ, ಉತ್ಸಾಹ ಕೆಟ್ಟಿದ್ದರೆ ತಡ ಮಾಡಬೇಡಿ. ಸಾಯಬೇಕು ಅನ್ನಿಸಿದರೆ ಎರಡು ವಾರ ಕಾಯೋದೂ ಬೇಡ, ಆ ಗಳಿಗೆಯಲ್ಲೇ ಪಕ್ಕದವರನ್ನು ಎಬ್ಬಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇದೆ, ಉಚಿತ. ಕನ್ನಡದಲ್ಲೇ ಮಾತಾಡಬೇಕು ಅಂತ ಕೇಳಿ.

ಹೊಸೂರು, ತಾಳವಾಡಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ಆಪ್ತಸಮಾಲೋಚಕರು ಬೇಕು ಅಂತ ಕಲೆಕ್ಟರಿಗೆ ಮನವಿ ಕೊಡ್ತಿದ್ದೀವಿ. ಸಂವಿಧಾನದ 350ನೇ ವಿಧಿ ಪ್ರಕಾರ ಅದನ್ನು ಕನ್ನಡದಲ್ಲೇ ಕೊಡಬಹುದು. ಒಕ್ಕಣೆ ನಾವು ಬರೀತೀವಿ. ಓಟಿ ಇಲ್ಲದ ಭಾನುವಾರ ಬಂದು ಸಹಿ ಹಾಕಿ.