ಮಿಡಚಿ ಕಂಡ ಕೂಡಲೇ ಎಣ್ಣೆ ಹೊಡೆಯಬೇಡಿ

ಖಾನಾಪುರ ಕಡೆಯ ಭತ್ತದ ಗದ್ದೆಯಲ್ಲಿ ನಾಲ್ಕು ಮಿಡಚಿ ಜಿಗಿದರೆ ಸಾಕು, ಗೊಬ್ಬರದ ಅಂಗಡಿಗೆ ಓಡುತ್ತೇವೆ. ಬಾಟಲಿ ತಂದು ಬದು ಸಮೇತ ಹೊಡೆಯುತ್ತೇವೆ. ಆ ಎಣ್ಣೆಗೆ ಮಿಡಚಿ ಅಷ್ಟೇ ಅಲ್ಲ, ಮಿಡಚಿಯನ್ನು ತಿನ್ನುವ ನೊಣವೂ ಸಾಯುತ್ತದೆ.

ಹೌದು, ನೊಣವೇ. ಕೆಲವು ಜಾತಿಯ ನೊಣಗಳು ಮಿಡಚಿಯ ಮೈಮೇಲೆ ಮೊಟ್ಟೆ ಇಲ್ಲವೇ ಮರಿಹುಳ ಬಿಡುತ್ತವೆ. ಹುಳ ಒಳಹೊಕ್ಕು, ಮಿಡಚಿ ಜೀವಂತ ಇರುವಾಗಲೇ ಅದನ್ನು ತಿನ್ನುತ್ತದೆ. ಜೇನಿನಂತೆ ಕಾಣುವ ಇನ್ನು ಕೆಲವು ನೊಣಗಳ ಮರಿಗಳು ಮಣ್ಣಿನೊಳಗಿನ ಮಿಡಚಿ ಮೊಟ್ಟೆಗಳನ್ನೇ ತಿಂದು ಬೆಳೆಯುತ್ತವೆ.

ರೇಷ್ಮೆ ಸಾಕುವವರಿಗೆ ಇದು ಹೊಸದಲ್ಲ. 1980ರಲ್ಲಿ ಬಂಗಾಳದಿಂದ ಕರ್ನಾಟಕಕ್ಕೆ ಬಂದ ಊಜಿ ನೊಣ ರೇಷ್ಮೆಹುಳಕ್ಕೆ ಮಾಡುವುದೂ ಇದನ್ನೇ. ಅಲ್ಲಿ ಅದು ವೈರಿ. ಗದ್ದೆಯಲ್ಲಿ ಅದರ ಬಳಗ ಕೂಲಿ ಕೇಳದ ಆಳು.

"ಮಹಾಂತೇಶ ನಗರದಾಗ ಕುಂತು ಬರಿಯೋರಿಗೆ ಏನ್ ಗೊತ್ತು? ನೊಣ ನಂಬಿದ್ರ ಬೆಳಿ ಉಳಿತೈತೇನು?" ಅಂತೀರಿ. ನೊಣ ಒಂದರಿಂದಲೇ ಆಗದು, ಒಪ್ಪೋಣ. 2020ರಲ್ಲಿ ರಾಜಸ್ಥಾನ, ಮಹಾರಾಷ್ಟ್ರಕ್ಕೆ ನುಗ್ಗಿದಂಥ ಮರುಭೂಮಿ ಮಿಡತೆಯ ದಂಡು ಬಂದರೆ ಔಷಧ ಬೇಕೇ ಬೇಕು. ಆದರೆ ನಮ್ಮ ಗದ್ದೆಯ ಮಿಡಚಿ ಅಂಥ ದಂಡಲ್ಲ. ಅದು ಬದುವಿನ ಮಣ್ಣಲ್ಲಿ ಮೊಟ್ಟೆ ಇಡುತ್ತದೆ. ಬೇಸಿಗೆಯಲ್ಲಿ ಬದು ಕೆತ್ತಿದರೆ ಮೊಟ್ಟೆ ಬಿಸಿಲಿಗೆ ಒಣಗುತ್ತವೆ, ಹಕ್ಕಿಗಳ ಪಾಲಾಗುತ್ತವೆ. ಮಳೆಗಾಲದಲ್ಲಿ ಬದುವಿನ ಹುಲ್ಲು ಕೊಯ್ಯಿರಿ, ಹೂಗಿಡ ಬಿಡಿ. ನೊಣಕ್ಕೆ ಮಕರಂದ ಬೇಕು.

ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಒಂದೇ ಪ್ರಶ್ನೆ ಕೇಳಿ: ಎಷ್ಟು ಮಿಡಚಿ ಕಂಡರೆ ಎಣ್ಣೆ ಹೊಡೆಯಬೇಕು? ಲೆಕ್ಕ ಹೇಳದೆ ಬಾಟಲಿ ಕೊಡುವವರ ಮಾತಿಗೆ ರೊಕ್ಕ ಬಿಚ್ಚಬೇಡಿ.