ಹಗ್ಗದಾಚೆಯ ಬಾಯಿ

ಮುಂಗಾರು ಹಿಡಿಯುವ ಹೊತ್ತಿಗೆ ನಮ್ಮ ಕಡೆ ಆಟದ ಹಂಗಾಮು ಮುಗಿಯುತ್ತದೆ. ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವಾಗ ಶುರುವಾಗುವ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳು ದೇವರಮನೆ ಬುಡದ ಹಳ್ಳಿಗಳಿಂದ ಹಿಡಿದು ಗೋಣಿಬೀಡು, ಬಣಕಲ್, ಕಳಸದವರೆಗೆ ಶಾಲಾ ಮೈದಾನಗಳನ್ನು ತುಂಬುತ್ತವೆ. ಗೆದ್ದ ತಂಡ, ಟ್ರೋಫಿ ಕೊಟ್ಟ ದಾನಿ, ಉದ್ಘಾಟಿಸಿದ ಮುಖಂಡರು ಎಲ್ಲರ ಫೋಟೊ ಅಚ್ಚಾಗುತ್ತದೆ. ರಾತ್ರಿಯಿಡೀ ನಿಂತು ಬೈಗುಳ ತಿಂದ ಅಂಪೈರ್ ಮಾತ್ರ ಅದರಲ್ಲಿ ಇರುವುದಿಲ್ಲ. ಹಂಗಾಮಿನ ಲೆಕ್ಕವನ್ನು ಈ ಸಲ ಅವರಿಂದಲೇ ಶುರು ಮಾಡೋಣ.

ಇವರಲ್ಲಿ ಹೆಚ್ಚಿನವರು ಸುತ್ತಲಿನ ಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರು. ಹಗಲು ಎದುರಾದರೆ “ನಮಸ್ತೆ ಸಾರ್” ಎನ್ನುವ ಹುಡುಗನೇ ರಾತ್ರಿ ಹಗ್ಗದಾಚೆ ಕತ್ತಲಲ್ಲಿ ಕೂತು “ಏಯ್ ಅಂಪೈರ್, ಎಷ್ಟು ತಗಂಡಿದೀಯ?” ಎಂದು ಕೂಗುತ್ತಾನೆ. ಬೋನಸ್ ಅಂಕವನ್ನೇ ನೋಡಿ. ಎದುರು ಅಂಕಣದಲ್ಲಿ ಕನಿಷ್ಠ ಆರು ಮಂದಿ ಇರಬೇಕು, ದಾಳಿಗಾರನ ಮುಂದಿನ ಕಾಲು ಬೋನಸ್ ಗೆರೆ ದಾಟಿರಬೇಕು, ಅದೇ ಕ್ಷಣಕ್ಕೆ ಹಿಂದಿನ ಕಾಲು ನೆಲ ಬಿಟ್ಟಿರಬೇಕು. ಕೊನೆಗೆರೆಯ ಹಿಂದೆ ಕೂತವರಿಗೆ ಹಿಡಿಯುವವರ ಬೆನ್ನು ಕಾಣುತ್ತದೆಯೇ ಹೊರತು ಆ ಹಿಂದಿನ ಹಿಮ್ಮಡಿ ಕಾಣದು. ಗೆರೆಯ ನೇರಕ್ಕೆ ನಿಂತವರಿಗೆ ಕಾಣುತ್ತದೆ. ಆದರೂ ತೀರ್ಪು ಕೊಡುವವರು ಒಬ್ಬರು, ಅಲ್ಲಗಳೆಯುವವರು ಮೈದಾನದ ತುಂಬ.

“ಕೂಗಲಿ ಬಿಡಿ, ಅದೂ ಆಟದ ಭಾಗ” ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ, ಏಕೆಂದರೆ ಕೂಗು ತೀರ್ಪನ್ನೇ ಅಲುಗಿಸುತ್ತದೆ. 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ 40 ಫುಟ್‌ಬಾಲ್ ರೆಫರಿಗಳಿಗೆ ಒಂದೇ ಪಂದ್ಯದ ವಿಡಿಯೊ ತೋರಿಸಿದ್ದರು, ಕೆಲವರಿಗೆ ಜನರ ಸದ್ದಿನೊಂದಿಗೆ, ಉಳಿದವರಿಗೆ ಸದ್ದಿಲ್ಲದೆ. ಸದ್ದು ಕೇಳಿದವರು ತವರು ತಂಡದ ವಿರುದ್ಧ ಕೊಟ್ಟ ಫೌಲ್‌ಗಳು ಶೇ 15.5ರಷ್ಟು ಕಡಿಮೆ. ಕೋವಿಡ್ ಕಾಲದಲ್ಲಿ ಯೂರೋಪಿನ ಮೈದಾನಗಳು ಖಾಲಿಯಾದಾಗ ಹೊರಗಿನಿಂದ ಬಂದ ತಂಡಗಳಿಗೆ ಬೀಳುವ ಹಳದಿ ಕಾರ್ಡ್‌ಗಳು ಇಳಿದವು. ತರಬೇತಾದ ವೃತ್ತಿಪರರ ಪಾಡೇ ಹೀಗಿರುವಾಗ ನಮ್ಮ ಮೇಷ್ಟ್ರ ಗಟ್ಟಿತನವನ್ನು ಮೆಚ್ಚಲೇಬೇಕು.

ಮೂರು ದಶಕದಲ್ಲಿ ದೊಡ್ಡ ಮೈದಾನಗಳು ಒಂದು ಪಾಠ ಕಲಿತಿವೆ. 1996ರ ಮಾರ್ಚ್ 13ರಂದು ಈಡನ್ ಗಾರ್ಡನ್ಸ್‌ನಲ್ಲಿ ವಿಶ್ವಕಪ್ ಸೆಮಿಫೈನಲ್. ಭಾರತ 8 ವಿಕೆಟ್‌ಗೆ 120 ಆದಾಗ ಬಾಟಲಿಗಳು ಹಾರಿಬಂದವು. ರೆಫರಿ ಕ್ಲೈವ್ ಲಾಯ್ಡ್ ಆಟಗಾರರನ್ನು ಒಳಗೆ ಕರೆಸಿದರು, ಕಾದರು, ಮತ್ತೆ ಆಡಿಸಲು ನೋಡಿದರು, ಆಗದಾಗ ಪಂದ್ಯವನ್ನು ಶ್ರೀಲಂಕಾಗೆ ಕೊಟ್ಟರು. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ಮೊಹಮ್ಮದ್ ಸಿರಾಜ್ ತಮ್ಮನ್ನು ನಿಂದಿಸುತ್ತಿದ್ದವರತ್ತ ಬೆರಳು ತೋರಿಸಿ ಅಂಪೈರ್‌ಗೆ ದೂರಿದಾಗ ಆಟ ನಿಂತಿತು, ಭದ್ರತಾ ಸಿಬ್ಬಂದಿ ಆರು ಮಂದಿಯನ್ನು ಹೊರಗೆ ಕಳಿಸಿದರು, ಆಟ ಮುಂದುವರಿಯಿತು. ಮೊದಲನೆಯದರಲ್ಲಿ ಪಂದ್ಯವೇ ಬಲಿಯಾಯಿತು, ಎರಡನೆಯದರಲ್ಲಿ ಕೂಗಿದವರಷ್ಟೇ ಹೊರಹೋದರು. ಎರಡೂ ಕಡೆ ಅಧಿಕಾರಿಗಳು ಜನರೊಂದಿಗೆ ವಾದಕ್ಕೆ ಇಳಿಯಲಿಲ್ಲ. ಆಟಗಾರರನ್ನು ಹದ್ದಿನಲ್ಲಿಡಲು ಅಂಪೈರ್ ಬಳಿ ಕಾರ್ಡ್ ಇದೆ. ಜನರನ್ನು ಹದ್ದಿನಲ್ಲಿಡುವುದು ಪಂದ್ಯ ಏರ್ಪಡಿಸಿದವರ ಹೊಣೆ.

ನಮ್ಮ ಹಳ್ಳಿಗಳಲ್ಲಿ ಈ ಎರಡನೆಯ ಅರ್ಧವೇ ಇಲ್ಲ. ಅನುಭವಿ ಅಂಪೈರ್‌ಗಳು ತಮ್ಮ ಪಾಲಿನದನ್ನು ಮಾಡುತ್ತಾರೆ: ಕೂಗಿದ ಕಡೆಗೆ ತಿರುಗುವುದಿಲ್ಲ, ನಾಯಕನೊಬ್ಬನಿಗೇ ಕಾರಣ ಹೇಳುತ್ತಾರೆ, ಕೈಸನ್ನೆಯನ್ನು ದೂರದವರಿಗೂ ಕಾಣುವಂತೆ ಎತ್ತಿ ತೋರಿಸುತ್ತಾರೆ, ಮಿತಿಮೀರಿದರೆ ಸೀಟಿ ಊದಿ ಸಮಿತಿಯ ಮೇಜಿನತ್ತ ನಡೆಯುತ್ತಾರೆ. ಅಲ್ಲಿ ಎದ್ದು ನಿಲ್ಲುವವರು ಬೇಕಲ್ಲ! ಬದಲಿಗೆ ಮೈಕ್ ಹಿಡಿದ ವೀಕ್ಷಕ ವಿವರಣೆಗಾರ “ಏನಿದು ತೀರ್ಪು ಸ್ವಾಮಿ?” ಎಂದು ರಾಗ ಎಳೆದರೆ, ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ನಮ್ಮ ಮಟ್ಟಿಗೆ ದೊಡ್ಡ ತಪ್ಪು ಆ ಮೈಕಿನದೇ. ಶಿಕ್ಷಕಿಯರು ರಾತ್ರಿ ಪಂದ್ಯಕ್ಕೆ ಅಂಪೈರ್ ಆಗಿ ಬರಲು ಹಿಂಜರಿಯುವುದಕ್ಕೆ ಕಾರಣವನ್ನೂ ಬೇರೆಲ್ಲೂ ಹುಡುಕಬೇಕಾಗಿಲ್ಲ.

“ತೀರ್ಪುಗಾರರ ತೀರ್ಮಾನವೇ ಅಂತಿಮ” ಎಂದು ಕರಪತ್ರದಲ್ಲಿ ಅಚ್ಚು ಹಾಕಿಸುವ ಸಮಿತಿಗಳಿಗೆ ನಮ್ಮ ಕೋರಿಕೆ: ಮುಂದಿನ ಹಂಗಾಮಿಗೆ ಹಗ್ಗವನ್ನು ಗೆರೆಯಿಂದ ನಾಲ್ಕು ಹೆಜ್ಜೆ ಹಿಂದೆ ಕಟ್ಟಿ, ಪ್ರತಿ ಬದಿಗೂ ಊರಿನ ಇಬ್ಬರು ಹಿರಿಯರನ್ನು ಕೂರಿಸಿ, ಮೈಕಿನವರಿಗೆ ಮೊದಲೇ ಎಚ್ಚರಿಕೆ ಹೇಳಿ, ಪಂದ್ಯ ಮುಗಿದ ಮೇಲೆ ಮೇಷ್ಟ್ರನ್ನು ಜೀಪಿನಲ್ಲಿ ಮನೆವರೆಗೆ ಬಿಟ್ಟು ಬನ್ನಿ.